ಸೋರಿದ ನೀರಿನ ಜಾಡು

ಅಪ್ಪನ ಮಾರುತಿ 800 ನೀರು ಕುಡಿಯುತ್ತಿತ್ತು. ಹತ್ತು ಹದಿನೈದು ದಿನಕ್ಕೊಮ್ಮೆ ಅರ್ಧ ಲೀಟರ್. ಆ ನೀರು ಎಲ್ಲಿ ಹೋಗುತ್ತಿತ್ತು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಕಾರು 1998ರದ್ದು, ಬಿಳಿ ಬಣ್ಣ. ಅಪ್ಪ ತೀರಿಕೊಂಡ ಮೇಲೆ 2021ರಲ್ಲಿ ಅದನ್ನು ಹುಬ್ಬಳ್ಳಿಯಿಂದ ಪುಣೆಗೆ ತಂದೆ. ಕೆಎ-25 ಹೋಗಿ ಎಂಎಚ್-12 ಬಂತು. ಆ ಹಳೆಯ ನಂಬರು ಹೋದದ್ದಕ್ಕೆ ಅವ್ವನಿಗೆ ಇಂದಿಗೂ ಬೇಸರವಿದೆ. 2023ರ ಮಾರ್ಚಿಗೆ ನೋಂದಣಿಯ ಅವಧಿ ಮುಗಿಯುವುದಿತ್ತು. ಫಿಟ್‌ನೆಸ್ ತಪಾಸಣೆ ಮಾಡಿಸಿ ಇನ್ನೈದು ವರ್ಷಕ್ಕೆ ಮುಂದುವರಿಸಬೇಕು, ಇಲ್ಲವೆ ಗುಜರಿಗೆ ಹಾಕಬೇಕು. ಹೆಂಡತಿ ಎರಡನೆಯದರ ಪರ. ನಮ್ಮ ಸೊಸೈಟಿಯಲ್ಲಿ ಒಂದು ಮನೆಗೆ ಒಂದೇ ಪಾರ್ಕಿಂಗು, ಇನ್ನೊಂದಕ್ಕೆ ತಿಂಗಳ ಬಾಡಿಗೆ. ಲೆಕ್ಕ ಹಾಕಿದರೆ ಅವಳ ಮಾತೇ ಸರಿ.

2022ರ ನವೆಂಬರಿನಲ್ಲಿ ಮನೆ ಹತ್ತಿರದ ಒಂದು ಗ್ಯಾರೇಜಿಗೆ ಒಯ್ದೆ. ಹುಡುಗ ಬಾನೆಟ್ ತೆಗೆದು, ನೆಲ ನೋಡಿದ, ಹನಿ ಇಲ್ಲ. ಹೋಸ್ ಪೈಪುಗಳನ್ನು ಹಿಂಡಿ ನೋಡಿದ, ಒಣಗಿವೆ. ಹೊರಗೆ ಕಾಣದಿದ್ದರೆ ಒಳಗೇ ಸುಡುತ್ತಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ತೀರ್ಪು ಕೊಟ್ಟ. ಎಂಜಿನ್ ಬಿಚ್ಚಬೇಕು, 38 ಸಾವಿರ. ಕಾರಿಗೇ ಅಷ್ಟು ಬೆಲೆ ಇರಲಿಲ್ಲ. ಹೆಡ್ ಗ್ಯಾಸ್ಕೆಟ್ ಎಂದರೆ ಎಂಜಿನ್ನಿನ ಬುಡ ಮತ್ತು ತಲೆಯ ನಡುವಿನ ತೆಳ್ಳನೆಯ ಹಾಳೆ. ಅದು ಹರಿದರೆ ಸಾಮಾನ್ಯವಾಗಿ ಗುರುತು ಬಿಡುತ್ತದೆ: ಆಯಿಲು ಹಾಲುಬೆರೆಸಿದ ಚಹಾದ ಬಣ್ಣಕ್ಕೆ ತಿರುಗುತ್ತದೆ, ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತವೆ. ಇವು ಯಾವೂ ಇರಲಿಲ್ಲ. ಆದರೂ ಆ ಹುಡುಗನ ಆತ್ಮವಿಶ್ವಾಸದ ಎದುರು ನಾನು ಅರ್ಧ ಒಪ್ಪಿಬಿಟ್ಟಿದ್ದೆ. ಕಾರಣ ಸಿಗದ ದೋಷಕ್ಕೆ ದೊಡ್ಡದೊಂದು ಹೆಸರು ಕೊಟ್ಟು ಫೈಲು ಮುಚ್ಚುವುದು ನಮ್ಮ ಐಟಿ ಕಚೇರಿಗಳಲ್ಲೂ ನಡೆಯುತ್ತದೆ, ನಾನೇ ಮಾಡಿದ್ದೇನೆ.

ಅವತ್ತು ರಾತ್ರಿ ಅವ್ವನಿಗೆ ಫೋನಿನಲ್ಲಿ ಹೇಳಿದೆ. "ಅದೇನ್ ಹೊಸಾದಲ್ಲೋಪಾ" ಎಂದಳು. "ಅಪ್ಪಾರು ದಿನಾ ಮುಂಜಾನೆ ಬಾನೆಟ್ ತೆಗದು ನೀರು ನೋಡತಿದ್ರು. ನೀ ಒಮ್ಮೆನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಡೈರ್‍ಯಾಗ ಬರದಾರ, ನೋಡು."

ಅಪ್ಪನ ಡೈರಿಗಳ ಮಾತಿಗೆ ಆಮೇಲೆ ಬರುತ್ತೇನೆ. ಅವ್ವನ ಮಾತು ಕೇಳಿದಾಗ ನನಗೆ ಮೊದಲು ಕಾಡಿದ್ದು ಬೇರೆ ಪ್ರಶ್ನೆ. ದಿನವೂ ನೀರು ನೋಡುವುದು, ಕಡಿಮೆಯಾದರೆ ಹಾಕುವುದು, ಇದು ಅಪ್ಪನಿಗೆ ದೋಷ ಅನ್ನಿಸಿಯೇ ಇರಲಿಲ್ಲವಲ್ಲ, ಏಕೆ?

ಅದಕ್ಕೆ ಉತ್ತರ ಹುಡುಕುತ್ತ ಹೋದರೆ 1886ರ ಜರ್ಮನಿಗೆ ಹೋಗಬೇಕಾಗುತ್ತದೆ. ಕಾರ್ಲ್ ಬೆಂಜ್ ಮಾಡಿದ ಮೂರು ಗಾಲಿಯ ಮೋಟಾರು ಬಂಡಿಯಲ್ಲಿ ರೇಡಿಯೇಟರೇ ಇರಲಿಲ್ಲ. ಸಿಲಿಂಡರಿನ ಸುತ್ತ ನೀರು ಇರುತ್ತಿತ್ತು, ಅದು ಕುದಿದು ಆವಿಯಾಗಿ ಗಾಳಿಗೆ ಹೋಗುತ್ತಿತ್ತು, ಹೋಗುವಾಗ ಶಾಖವನ್ನೂ ಒಯ್ಯುತ್ತಿತ್ತು. ಅಷ್ಟೇ ವ್ಯವಸ್ಥೆ. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬೆರ್ತಾ ಬೆಂಜ್, ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತನ್ನ ತವರಿಗೆ ಸುಮಾರು 100 ಕಿಲೋಮೀಟರ್ ಈ ಬಂಡಿ ಓಡಿಸಿಕೊಂಡು ಹೋದಳು. ಪೆಟ್ರೋಲಿನ ಬದಲು ಬಳಸುತ್ತಿದ್ದ ಲಿಗ್ರೊಯಿನ್ ಎಂಬ ದ್ರವವನ್ನು ಅವಳು ವೀಸ್‌ಲೋಕ್‌ನ ಔಷಧಿ ಅಂಗಡಿಯಲ್ಲಿ ಕೊಂಡ ಸಂಗತಿಯನ್ನು ಎಲ್ಲರೂ ಬರೆಯುತ್ತಾರೆ. ಆದರೆ ದಾರಿಯುದ್ದಕ್ಕೂ ಅವಳಿಗೆ ಅದಕ್ಕಿಂತ ಹೆಚ್ಚು ಸಲ ಬೇಕಾದದ್ದು ನೀರು. ಬಾವಿ, ಹಳ್ಳ, ಊರಿನ ತೊಟ್ಟಿ, ಸಿಕ್ಕಲ್ಲಿ ನಿಲ್ಲಿಸಿ ತುಂಬಿಸಿದರು. ಆ ನೀರನ್ನು ಯಾರೂ ಸೋರಿತು ಎನ್ನಲಿಲ್ಲ. ಕುದುರೆ ನೀರು ಕುಡಿದರೆ ಸೋರಿತು ಎನ್ನುತ್ತೇವೆಯೆ?

ನಮ್ಮಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಅವರ ಕೆಲಸ ಬೋಗಿಗಳದ್ದು, ಬಾಯ್ಲರಿನದಲ್ಲ. ಆದರೂ ಅವರು ಬೆಳೆದದ್ದು ಉಗಿಬಂಡಿಗಳ ನಡುವೆ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಆನೆಯ ಸೊಂಡಿಲಿನಂತೆ ಬಾಗಿದ ನೀರಿನ ಕಂಬ, ಅದರ ಕೆಳಗೆ ಬಂದು ನಿಲ್ಲುವ ಎಂಜಿನ್ನು, ಇವು ಅವರಿಗೆ ದಿನನಿತ್ಯದ ದೃಶ್ಯ. ಉಗಿಬಂಡಿ ಒಮ್ಮೆ ಬಳಸಿದ ಉಗಿಯನ್ನು ಚಿಮಣಿಯಿಂದ ಹೊರಗೆ ಉಗುಳಿಬಿಡುತ್ತದೆ. ಕಲ್ಲಿದ್ದಲಿನಷ್ಟೇ ನೀರೂ ಅದರ ಮೇವು. "ಗಾಡಿ ಅಂದ್ಮ್ಯಾಲೆ ನೀರು ಕುಡೀತದ" ಎಂದು ಅವರು ಹೇಳುತ್ತಿದ್ದುದು ತಮಾಷೆಗಲ್ಲ, ಅದು ಅವರ ಅನುಭವ.

ನೀರನ್ನು ಕಳೆಯದೆ ಸುತ್ತಿಸುತ್ತಲೇ ಇರಬೇಕು ಎಂಬ ಯೋಚನೆಗೆ ರೂಪ ಕೊಟ್ಟವರಲ್ಲಿ ಮುಖ್ಯನಾದವನು ವಿಲ್ಹೆಲ್ಮ್ ಮೈಬಾಖ್. ಡೈಮ್ಲರ್ ಕಂಪನಿಯ ಎಂಜಿನಿಯರ್. 1900ರಲ್ಲಿ ಅವನು ಜೇನುಗೂಡಿನಂತಹ ರೇಡಿಯೇಟರ್ ಮಾಡಿದ. 35 ಅಶ್ವಶಕ್ತಿಯ ಮೊದಲ ಮರ್ಸಿಡಿಸ್ ಕಾರಿನ ಮೂತಿಯಲ್ಲಿ ಅದು ಕೂತಿತು: 8,070 ಚೌಕಾಕಾರದ ಪುಟ್ಟ ಕೊಳವೆಗಳು, ಒಂದೊಂದೂ ಆರು ಮಿಲಿಮೀಟರ್ ಅಗಲ, ಒಂದರ ಪಕ್ಕ ಒಂದು ಬೆಸುಗೆ ಹಾಕಿದ್ದು. ಕೊಳವೆಯ ಒಳಗೆ ಗಾಳಿ, ಸಂದಿಯಲ್ಲಿ ನೀರು. ಹೊರಬೇಕಾದ ನೀರು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಅದಿಲ್ಲದಿದ್ದರೆ ವೇಗದ ಕಾರು ಎಂಬುದೇ ಬರುತ್ತಿರಲಿಲ್ಲ, ಏಕೆಂದರೆ ಎಂಜಿನ್ನಿನಲ್ಲಿ ಸುಟ್ಟ ಇಂಧನದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಈ ನೀರಿನ ಮೂಲಕವೇ ಹೊರಗೆ ಹೋಗಬೇಕು. ಮ್ಯೂಸಿಯಮ್ಮಿನ ಚಿತ್ರಗಳಲ್ಲಿ ಆ ರೇಡಿಯೇಟರನ್ನು ನೋಡಿದಾಗಲೆಲ್ಲ ನನಗೆ ಹೊಳೆಯುವುದು ಅದರ ಅಂದವಲ್ಲ, ಅಷ್ಟೊಂದು ಬೆಸುಗೆಗಳು. ನೀರನ್ನು ಹಿಡಿದಿಡಲು ಹೊರಟ ದಿನವೇ ಅದು ತಪ್ಪಿಸಿಕೊಂಡು ಹೋಗಲು ಸಾವಿರಾರು ಬಾಗಿಲುಗಳೂ ಹುಟ್ಟಿದವು.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಇನ್ನೂ ಸರಳ ದಾರಿ ಹಿಡಿಯಿತು. ಮೊದಲ ಎರಡೂವರೆ ಸಾವಿರದಷ್ಟು ಕಾರುಗಳ ನಂತರ ನೀರಿನ ಪಂಪನ್ನೇ ಕಿತ್ತುಹಾಕಿದರು. ಬಿಸಿಯಾದ ನೀರು ತಾನಾಗಿ ಮೇಲೇರಿ ರೇಡಿಯೇಟರಿಗೆ ಹೋಗುತ್ತದೆ, ತಣಿದದ್ದು ಕೆಳಗಿಳಿದು ಎಂಜಿನ್ನಿಗೆ ಬರುತ್ತದೆ. ಬಚ್ಚಲ ಹಂಡೆಯ ಸೂತ್ರ. ಆದರೆ ನೀರಿನ ಮಟ್ಟ ಮೇಲಿನ ಪೈಪಿಗಿಂತ ಕೆಳಗಿಳಿದರೆ ಓಟ ನಿಂತೇಹೋಗುತ್ತದೆ, ಆದ್ದರಿಂದ ಯಾವಾಗಲೂ ತುಂಬಿಸುತ್ತಿರಬೇಕು. ಆ ಕಾಲದ ಕಾರುಗಳ ರೇಡಿಯೇಟರ್ ಮುಚ್ಚಳದ ಮೇಲೆ ಕಾಣುವ ದುಂಡನೆಯ ಅಲಂಕಾರ ನೋಡಿರಬಹುದು. ಹಲವು ಕಾರುಗಳಲ್ಲಿ ಅದು ನಿಜಕ್ಕೂ ಥರ್ಮಾಮೀಟರು. ಬಾಯ್ಸ್ ಮೋಟೋಮೀಟರ್ ಎಂದು ಹೆಸರು. ಓಡಿಸುವವನು ಕೂತಲ್ಲಿಂದಲೇ ಗಾಜಿನಾಚೆ ಅದರ ಕೆಂಪು ಗೆರೆ ನೋಡಿ ಯಾವಾಗ ನಿಲ್ಲಿಸಿ ನೀರು ಹಾಕಬೇಕು ಎಂದು ತಿಳಿದುಕೊಳ್ಳುತ್ತಿದ್ದ.

ನಮ್ಮ ಕಡೆ ಈ ಕಾಲ ತೀರಾ ಇತ್ತೀಚಿನವರೆಗೂ ಉಳಿದಿತ್ತು. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ದಾರಿಯಲ್ಲಿ, ಯಲ್ಲಾಪುರ ದಾಟಿದ ಮೇಲೆ ಅರಬೈಲು ಘಟ್ಟ. ಚಿಕ್ಕವನಿದ್ದಾಗ ಗೋಕರ್ಣಕ್ಕೆ ಹೋಗಿಬರುವಾಗ ನೋಡಿದ್ದು ನೆನಪಿದೆ: ಘಟ್ಟ ಹತ್ತುವ ತಿರುವುಗಳಲ್ಲಿ ಬಾಯಿ ತೆರೆದು ನಿಂತ ಅಂಬಾಸಿಡರುಗಳು, ಲಾರಿಗಳು, ಪಕ್ಕದಲ್ಲಿ ಟವೆಲ್ ಸುತ್ತಿದ ಕೈಯಿಂದ ರೇಡಿಯೇಟರ್ ಮುಚ್ಚಳ ತಿರುಗಿಸುವ ಕ್ಲೀನರು, ಬುಸ್ ಎಂದು ಏಳುವ ಬಿಸಿ ನೀರಿನ ಕಾರಂಜಿ. ಲಾರಿಗಳ ಮುಂದೆ ಕ್ಯಾನ್ವಾಸಿನ ನೀರಿನ ಚೀಲ ತೂಗುಬಿಟ್ಟಿರುತ್ತಿದ್ದರು. ತೊರೆಯ ಬಳಿ ಕೊಡ ಹಿಡಿದ ಹುಡುಗರು ಎಂಟಾಣೆಗೆ ನೀರು ತಂದು ಹಾಕುತ್ತಿದ್ದರು. ಘಟ್ಟದಲ್ಲಿ ಗಾಡಿ ಕುದಿಯುವುದು ಯಾರಿಗೂ ಅವಮಾನವಾಗಿರಲಿಲ್ಲ. ಎಲ್ಲರದೂ ಕುದಿಯುತ್ತಿತ್ತು.

ಇದನ್ನು ಬದಲಿಸಿದ್ದು ಎರಡು ಸಂಗತಿ: ಒಂದು ದ್ರವ, ಒಂದು ಮುಚ್ಚಳ.

ದ್ರವದ ಹೆಸರು ಎಥಿಲೀನ್ ಗ್ಲೈಕಾಲ್. ಫ್ರಾನ್ಸಿನ ರಸಾಯನ ವಿಜ್ಞಾನಿ ಚಾರ್ಲ್ಸ್ ಅಡಾಲ್ಫ್ ವೂರ್ಟ್ಸ್ 1850ರ ದಶಕದಲ್ಲೇ ಅದನ್ನು ತಯಾರಿಸಿದ್ದರೂ ಕಾರಿಗೆ ಬಂದದ್ದು 1920ರ ದಶಕದಲ್ಲಿ. ಚಳಿದೇಶಗಳಲ್ಲಿ ರೇಡಿಯೇಟರಿನ ನೀರು ಹೆಪ್ಪುಗಟ್ಟಿ ಉಬ್ಬಿ ಎಂಜಿನ್ನನ್ನೇ ಸೀಳುತ್ತಿತ್ತು. ಅದಕ್ಕೆ ಮೊದಲು ಆಲ್ಕೋಹಾಲ್ ಬೆರೆಸುತ್ತಿದ್ದರು. ಅದು ಆವಿಯಾಗಿ ಹೋಗುತ್ತಿತ್ತು. ಗ್ಲೈಕಾಲ್ ಹಾಗೆ ಬೇಗ ಹೋಗುವುದಿಲ್ಲ, ಕುದಿಯುವ ಮಟ್ಟವೂ ನೀರಿನ ಎರಡು ಪಟ್ಟಿನ ಹತ್ತಿರ. ಅಮೆರಿಕದಲ್ಲಿ 1927ರಿಂದ ಪ್ರೆಸ್ಟೋನ್ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಆದರೆ ಅದಕ್ಕೊಂದು ಕೆಟ್ಟ ಗುಣ: ನೀರು ನುಸುಳದ ಸಂದಿಯಲ್ಲೂ ನುಸುಳುತ್ತದೆ. ಸ್ಪಿಟ್‌ಫೈರ್ ಯುದ್ಧವಿಮಾನದ ರೋಲ್ಸ್‌ರಾಯ್ಸ್ ಮೆರ್ಲಿನ್ ಎಂಜಿನ್ನಿಗೆ ಮೊದಲು ಶುದ್ಧ ಗ್ಲೈಕಾಲನ್ನೇ ಹಾಕಿದ್ದರು. ಕೀಲುಗಳಲ್ಲಿ ಸೋರುತ್ತಿತ್ತು, ಸೋರಿದ್ದು ಬೆಂಕಿ ಹಿಡಿಯಬಲ್ಲದಾಗಿತ್ತು. ನಂತರ 70 ಭಾಗ ನೀರು, 30 ಭಾಗ ಗ್ಲೈಕಾಲ್ ಸೇರಿಸಿ, ಒತ್ತಡದಲ್ಲಿ ಮುಚ್ಚಿಡುವ ಕ್ರಮಕ್ಕೆ ಬಂದರು. ಆ ವಿಮಾನಗಳ ರೇಡಿಯೇಟರಿಗೆ ಒಂದೇ ಒಂದು ಗುಂಡು ತಗುಲಿದರೂ ಬಿಳಿ ಆವಿಯ ಬಾಲ ಕಾಣಿಸಿಕೊಳ್ಳುತ್ತಿತ್ತು. ಅದನ್ನು ಕಂಡ ಪೈಲಟ್‌ಗೆ ಇನ್ನು ಕೆಲವೇ ನಿಮಿಷ ಎಂದು ಗೊತ್ತಾಗುತ್ತಿತ್ತು.

ಮುಚ್ಚಳದ ಕತೆ ನಮ್ಮ ಅಡುಗೆಮನೆಯದ್ದೇ. ಕುಕ್ಕರಿನ ವೇಯ್ಟ್ ಇದ್ದಂತೆ ಅದರೊಳಗೊಂದು ಸ್ಪ್ರಿಂಗು. ಒಳಗೆ ಒತ್ತಡ ಏರಿದಂತೆ ನೀರು ಕುದಿಯುವ ಮಟ್ಟವೂ ಏರುತ್ತದೆ. ಮುಚ್ಚಳವಿಲ್ಲದೆ ಪುಣೆಯ ಎತ್ತರದಲ್ಲಿ ನೀರು ಸುಮಾರು 98 ಡಿಗ್ರಿಗೆ ಕುದಿಯುತ್ತದೆ, 0.9 ಕೆಜಿ ಒತ್ತಡದ ಮುಚ್ಚಳ ಹಾಕಿದರೆ ಸುಮಾರು 118. ಎರಡನೆಯ ಮಹಾಯುದ್ಧದ ನಂತರ ಇಂತಹ ಮುಚ್ಚಳ ಸಾಮಾನ್ಯವಾಯಿತು. 1961ರಲ್ಲಿ ಫ್ರಾನ್ಸಿನ ರೆನೋ 4 ಪೂರ್ತಿ ಮುಚ್ಚಿದ ವ್ಯವಸ್ಥೆಯೊಂದಿಗೆ ಬಂತು. ನೀರು ಹಾಕುವ ಗೋಜೇ ಇಲ್ಲ ಎಂಬುದು ಅದರ ಹೆಗ್ಗಳಿಕೆ. ನಮ್ಮಲ್ಲಿ ಆ ಹೊಸ ಕಾಲವನ್ನು ಮನೆಮನೆಗೆ ತಂದದ್ದು 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800. ಬೇಕಾದಾಗ ಮಾತ್ರ ತಿರುಗುವ ಕರೆಂಟಿನ ಫ್ಯಾನು, ಪಕ್ಕದಲ್ಲಿ ಪ್ಲಾಸ್ಟಿಕ್ ಬಾಟಲಿ, ಅದರ ಮೇಲೆ ಎರಡು ಗೆರೆ. ಗೆರೆಗಳ ನಡುವೆ ಮಟ್ಟ ಇದ್ದರೆ ಮುಗಿಯಿತು.

ಲೀಕು ಎಂಬ ದೋಷ ಹುಟ್ಟಿದ್ದು ಆ ಎರಡು ಗೆರೆಗಳ ಜೊತೆಗೆ ಎಂದು ನನಗನ್ನಿಸುತ್ತದೆ. ಅಲ್ಲಿಯವರೆಗೆ ನೀರು ಹೋಗುವುದು ಪ್ರಯಾಣದ ಭಾಗ. ಅಲ್ಲಿಂದ ಮುಂದೆ ಹೋದ ಪ್ರತಿ ಲೋಟಕ್ಕೂ ಯಾರಾದರೂ ಉತ್ತರ ಕೊಡಬೇಕು. ಅಪ್ಪ ಹೊಸ ಕಾಲದ ಕಾರು ಕೊಂಡಿದ್ದರು, ಹಳೆಯ ಕಾಲದವರಂತೆ ಸಾಕುತ್ತಿದ್ದರು.

ಇನ್ನು ಡೈರಿಗಳು. ಡಿಸೆಂಬರಿನ ಮೊದಲ ವಾರ ಹುಬ್ಬಳ್ಳಿಗೆ ಹೋದಾಗ ಅಟ್ಟದ ಟ್ರಂಕಿನಿಂದ ಇಳಿಸಿದೆ. ಹನ್ನೆರಡು ವರ್ಷದವು. ಹಾಲಿನ ಲೆಕ್ಕ, ಪಿಂಚಣಿ, ಯಾರದೋ ಮದುವೆಯ ಮುಯ್ಯಿ, ನನ್ನ ವಿಮಾನದ ಸಮಯ, ಇವುಗಳ ನಡುವೆ ಕಾರಿನ ಸಾಲುಗಳು. ಪೆಟ್ರೋಲ್ ಹಾಕಿದಾಗಲೆಲ್ಲ ಕಿಲೋಮೀಟರ್. ನೀರು ಹಾಕಿದಾಗಲೆಲ್ಲ "ನೀ ½" ಅಥವಾ "ನೀ ¼". ವಿವರಣೆ ಇಲ್ಲ, ದೂರು ಇಲ್ಲ. 2009ರಲ್ಲಿ ಅಂಥದು ವರ್ಷಕ್ಕೆ ಮೂರೋ ನಾಲ್ಕೋ. 2012ರಿಂದ ಹೆಚ್ಚುತ್ತ ಹೋಗುತ್ತದೆ. ಅಷ್ಟು ವರ್ಷ ಅವರು ಮಾತಾಡದೆ ಅರ್ಧರ್ಧ ಲೀಟರು ಹಾಕುತ್ತ ಬಂದಿದ್ದರು, ನಾನು ರಜೆಗೆ ಹೋದಾಗ ಅದೇ ಕಾರಿನಲ್ಲಿ ಉಣಕಲ್ ಕೆರೆಗೆ, ಧಾರವಾಡಕ್ಕೆ ತಿರುಗಿ, ಕೀಲಿ ಮೊಳೆಗೆ ಹಾಕಿ ವಾಪಸು ಬಂದಿದ್ದೆ.

ನನಗೆ ಬರುವ ವಿದ್ಯೆ ಒಂದೇ, ಎಕ್ಸೆಲ್. ಎರಡು ರಾತ್ರಿ ಕೂತು ಎಲ್ಲ ಸಾಲುಗಳನ್ನೂ ಏರಿಸಿದೆ. ಬೇಸಿಗೆಯಲ್ಲಿ ಹೆಚ್ಚು ನೀರು ಹೋಗಿರುತ್ತದೆ ಎಂದುಕೊಂಡಿದ್ದೆ. ಬಂದದ್ದು ತಿರುಗುಮುರುಗು. ನವೆಂಬರಿನಿಂದ ಫೆಬ್ರುವರಿವರೆಗೆ ಹನ್ನೆರಡು ದಿನಕ್ಕೊಮ್ಮೆ "ನೀ ½". ಏಪ್ರಿಲ್, ಮೇ ತಿಂಗಳಲ್ಲಿ ಐದಾರು ವಾರಕ್ಕೊಮ್ಮೆ "ನೀ ¼". ಕಿಲೋಮೀಟರಿನಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಒಂದು ವರ್ಷ ಆಗಿದ್ದರೆ ಕಾಕತಾಳೀಯ ಎನ್ನಬಹುದಿತ್ತು. ಏಳು ವರ್ಷ ಸಾಲಾಗಿ ಹೀಗೇ ಇತ್ತು.

ಈ ಹಾಳೆ ಹಿಡಿದು ಪುಣೆಯಲ್ಲಿ ಸ್ನೇಹಿತನೊಬ್ಬ ಹೇಳಿದ ಹಳೆಯ ಮಿಸ್ತ್ರಿಯ ಬಳಿಗೆ ಹೋದೆ. ನಿಪ್ಪಾಣಿ ಕಡೆಯವರು, ಎಪ್ಪತ್ತರ ಹತ್ತಿರದ ವಯಸ್ಸು, ಮಾತು ಅರ್ಧ ಮರಾಠಿ ಅರ್ಧ ಕನ್ನಡ. ಎಲ್ಲರೂ ಕಾಕಾ ಎನ್ನುತ್ತಾರೆ. ಹಾಳೆಯನ್ನು ದೂರ ಹಿಡಿದು ನೋಡಿ, "ನಿಮ್ಮ ವಡೀಲರು ಶಾಣ್ಯಾ ಮನಷ್ಯಾ ಇದ್ದರ್ರಿ" ಎಂದರು. "ನೀರು ಎಲ್ಲಿಂದ ಹೋಗ್ತದ ಅಂತ ಎಲ್ಲಾರೂ ಕೇಳ್ತಾರ. ಯಾವಾಗ ಹೋಗ್ತದ ಅಂತ ಯಾರೂ ಬರದು ಇಡೂದಿಲ್ಲ."

ಅವರು ಮೊದಲು ರೇಡಿಯೇಟರಿನ ಬಾಯಿಗೆ ಕೈಪಂಪು ಸಿಕ್ಕಿಸಿ ಗಾಳಿ ತುಂಬಿದರು. ಸೈಕಲ್ ಪಂಪಿಗೆ ಗಡಿಯಾರ ಕಟ್ಟಿದಂತಹ ಸಾಧನ. ನಾನು ಆಗತಾನೆ ಓಡಿಸಿಕೊಂಡು ಬಂದಿದ್ದೆ, ಎಂಜಿನ್ ಬಿಸಿಯಿತ್ತು. ಮುಳ್ಳು 0.9ಕ್ಕೆ ನಿಂತದ್ದು ಹದಿನೈದು ನಿಮಿಷ ಅಲ್ಲಾಡಲಿಲ್ಲ. "ರಾತ್ರಿ ಇಲ್ಲೇ ಬಿಟ್ಟು ಹೋಗ್ರಿ" ಎಂದರು. ಮರುದಿನ ಬೆಳಗ್ಗೆ ಏಳಕ್ಕೆ ಹೋದಾಗ ಪುಣೆಯಲ್ಲಿ ಒಳ್ಳೆ ಚಳಿ. ಎಂಜಿನ್ ಚಾಲೂ ಮಾಡದೆ ಮತ್ತೆ ಪಂಪು ಹಾಕಿದರು. ಮುಳ್ಳು 0.9ರಿಂದ ನಿಧಾನಕ್ಕೆ, ಗೋಡೆಗಡಿಯಾರದ ನಿಮಿಷದ ಮುಳ್ಳಿನ ಹಾಗೆ, 0.6ಕ್ಕೆ ಇಳಿಯಿತು. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ. ಕಾಕಾ ಒಂದು ಬೀಡಿ ಹಚ್ಚಿ, "ಗ್ಯಾಸ್ಕೆಟ್ ಅಲ್ಲ" ಎಂದರು. "ಥಂಡಿಗೆ ಸೋರ್ತದ, ಗರಂ ಆದ್ರ ಮುಚ್ಚಿಕೋತದ. ರಬ್ಬರಿನ ಕೆಲಸ."

ಎಲ್ಲಿ ಎಂಬುದು ಮಾತ್ರ ಬಾಕಿ. ಇದ್ದ ಕಂದು ನೀರನ್ನೆಲ್ಲ ತೆಗೆದು, ಎರಡು ಸಲ ತೊಳೆದು, ಹಸಿರು ಕೂಲೆಂಟ್ ತುಂಬಿಸಿದರು. ಮೂರು ವಾರ ಓಡಿಸಿ ಒಂದು ರಾತ್ರಿ ತನ್ನಿ ಎಂದರು. ಎಂಟೇ ದಿನದಲ್ಲಿ ಮಟ್ಟ ಕೆಳಗಿನ ಗೆರೆಗೆ ಬಂತು. ಗ್ಲೈಕಾಲಿನ ನುಸುಳುವ ಗುಣ. ಈ ಸಲ ನನಗೆ ಅದರಿಂದ ಸಂತೋಷವೇ ಆಯಿತು.

ಆ ಮೂರು ವಾರದಲ್ಲಿ ಕೂಲೆಂಟಿಗೆ ಹಸಿರು ಬಣ್ಣ ಏಕೆ ಎಂದು ಓದುತ್ತ ಹೋದೆ, ಓದು ನನ್ನನ್ನು ಡ್ಯಾನ್ಯೂಬ್ ನದಿಗೆ ಒಯ್ದಿತು.

ದಕ್ಷಿಣ ಜರ್ಮನಿಯಲ್ಲಿ ಇಮೆಂಡಿಂಗೆನ್ ಎಂಬ ಊರಿದೆ. ಅಲ್ಲಿ ಡ್ಯಾನ್ಯೂಬ್ ನದಿಯ ತಳ ಸುಣ್ಣಕಲ್ಲು. ನದಿಯ ನೀರು ತಳದ ಬಿರುಕುಗಳಲ್ಲಿ ಇಳಿದು ಕಾಣೆಯಾಗುತ್ತದೆ. 1874ರಲ್ಲಿ ಅಲ್ಲಿ ನದಿ ಪೂರ್ತಿ ಬತ್ತಿದ್ದು ದಾಖಲಾಯಿತು. ಅಲ್ಲಿಂದ ಸುಮಾರು 12 ಕಿಲೋಮೀಟರ್ ದಕ್ಷಿಣಕ್ಕೆ, ಆಖ್ ಎಂಬಲ್ಲಿ, ಜರ್ಮನಿಯ ಅತಿ ದೊಡ್ಡ ಬುಗ್ಗೆ ನೆಲದಿಂದ ಉಕ್ಕುತ್ತದೆ. ಇಲ್ಲಿ ಮುಳುಗಿದ್ದು ಅಲ್ಲಿ ಏಳುತ್ತಿದೆ ಎಂಬ ಗುಮಾನಿ ಜನರಿಗಿತ್ತು. ಗುಮಾನಿಯ ಹಿಂದೆ ಜಗಳವಿತ್ತು: ಡ್ಯಾನ್ಯೂಬ್ ದಡದ ಗಿರಣಿಯವರಿಗೆ ಬಿರುಕು ಮುಚ್ಚಬೇಕು, ಆಖ್ ದಡದವರಿಗೆ ಅವು ತೆರೆದೇ ಇರಬೇಕು. ಎರಡೂ ಕಡೆಯ ಚಕ್ರಗಳು ತಿರುಗುತ್ತಿದ್ದುದು ಅದೇ ನೀರಿನಿಂದ.

1877ರ ಅಕ್ಟೋಬರಿನಲ್ಲಿ ಕಾರ್ಲ್ಸ್‌ರೂಹೆಯ ಭೂವಿಜ್ಞಾನಿ ಅಡಾಲ್ಫ್ ನಾಪ್ ಈ ಲೀಕನ್ನು ಪತ್ತೆ ಹಚ್ಚಲು ಹೊರಟ. ನೀರಿಗೆ ಉಪ್ಪು ಸುರಿಸಿದ, ಶೇಲ್ ಎಣ್ಣೆ ಸುರಿಸಿದ, ಕೊನೆಗೆ 10 ಕಿಲೋ ಫ್ಲೋರೆಸೀನ್ ಎಂಬ ಬಣ್ಣ. ಆ ಬಣ್ಣ ಹುಟ್ಟಿ ಆಗ ಆರೇ ವರ್ಷ. ಅಡಾಲ್ಫ್ ಫಾನ್ ಬೇಯರ್ 1871ರಲ್ಲಿ ಅದನ್ನು ತಯಾರಿಸಿದ್ದ. (ಇದೇ ಬೇಯರ್ ಮುಂದೆ ಪ್ರಯೋಗಾಲಯದಲ್ಲಿ ನೀಲಿಯನ್ನೂ ತಯಾರಿಸಿದ. ಕಾರ್ಖಾನೆಯ ನೀಲಿ ಬಂದ ಮೇಲೆ ನಮ್ಮ ದೇಶದ ನೀಲಿ ಬೆಳೆ ನೆಲಕಚ್ಚಿತು. ಒಬ್ಬನೇ ಮನುಷ್ಯನ ಎರಡು ಬಣ್ಣಗಳು.) ಸುಮಾರು 60 ಗಂಟೆಗಳ ನಂತರ ಆಖ್‌ನ ಬುಗ್ಗೆ ಹೊಳೆಯುವ ಹಸಿರಾಗಿ ಉಕ್ಕಿತು. ಉಪ್ಪಿನ ರುಚಿಯೂ ಬಂತು. ಗುಮಾನಿ ನಿಜವಾಯಿತು. ಕಪ್ಪು ಸಮುದ್ರಕ್ಕೆ ಹೋಗಬೇಕಾದ ನೀರು ನೆಲದೊಳಗೆ ದಾರಿ ಬದಲಿಸಿ, ರೈನ್ ನದಿ ಸೇರಿ, ಉತ್ತರ ಸಮುದ್ರಕ್ಕೆ ಹೋಗುತ್ತಿತ್ತು. ಜಗಳ ಮಾತ್ರ ಮುಗಿಯಲಿಲ್ಲ. 1927ರಲ್ಲಿ ವ್ಯುರ್ಟೆಂಬರ್ಗ್ ಮತ್ತು ಬಾಡೆನ್ ರಾಜ್ಯಗಳು ಇದೇ ಸೋರಿಕೆಗಾಗಿ ಕೋರ್ಟಿನಲ್ಲಿ ಎದುರಾದವು. ಪತ್ತೆಯಾದ ಮಾತ್ರಕ್ಕೆ ತಂಟೆ ತೀರುವುದಿಲ್ಲ ಎಂಬುದು ಕಾವೇರಿ, ಕೃಷ್ಣೆ, ಮಹದಾಯಿ ಕಂಡ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಆ ಫ್ಲೋರೆಸೀನೇ ಹಸಿರು ಕೂಲೆಂಟಿಗೆ ಸಾಮಾನ್ಯವಾಗಿ ಬೆರೆಸುವ ಬಣ್ಣ. ನೇರಳಾತೀತ ಬೆಳಕು ಬಿದ್ದರೆ ಒಣಗಿದ ಕಲೆಯೂ ಹೊಳೆಯುತ್ತದೆ. ಕೂಲೆಂಟ್ ವಿಷ, ಆದರೆ ರುಚಿ ಸಿಹಿ. ನಾಯಿ ಬೆಕ್ಕು ನೆಕ್ಕಿ ಸಾಯುತ್ತವೆ. ಮಕ್ಕಳಿರುವ ಮನೆಯಲ್ಲಿ ಡಬ್ಬವನ್ನು ಮೇಲಿಡಿ ಎಂದು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಮರೆಯಬಹುದು.

ಜನವರಿಯ ಒಂದು ಶನಿವಾರ ರಾತ್ರಿ ಕಾಕಾ ಗ್ಯಾರೇಜಿನ ದೀಪ ಆರಿಸಿ, ಪಕ್ಕದ ಕಿರಾಣಿ ಅಂಗಡಿಯಿಂದ ಖೋಟಾ ನೋಟು ನೋಡುವ ನೀಲಿ ದೀಪ ತರಿಸಿದರು. ಬಾನೆಟ್ ಕೆಳಗೆ ತೋರಿಸಿದರು. ಮುಂದೆ ರೇಡಿಯೇಟರ್, ಕಪ್ಪು. ನೀರಿನ ಪಂಪು, ಕಪ್ಪು. ಎಂಜಿನ್ನಿನ ಹಿಂಬದಿಗೆ ಕೈ ತೂರಿಸಿ ಚಿಕ್ಕ ಕನ್ನಡಿ ಹಿಡಿದರು. ಅಲ್ಲೊಂದು ಉಕ್ಕಿನ ಪೈಪು ಹಾದುಹೋಗುತ್ತದೆ, ಅದರ ತುದಿಗೆ ರಬ್ಬರ್ ಹೋಸು, ಮೇಲೆ ಕ್ಲಾಂಪು. ಆ ಕ್ಲಾಂಪಿನ ಕೆಳಗಿನಿಂದ ಹೊರಟು, ಪೈಪಿನ ಹೊಟ್ಟೆಯ ಗುಂಟ ಇಳಿದು, ಗೇರ್‌ಬಾಕ್ಸಿನ ಬೆನ್ನ ಮೇಲೆ ಹರಡಿ ಮಾಯವಾಗುವ ಒಂದು ಹಸಿರು ದಾರಿ, ಮಿಂಚುಹುಳುಗಳ ಸಾಲಿನಂತೆ ಕಂಡಿತು. ರಾತ್ರಿ ತಣ್ಣಗಾದಾಗ ಜಿನುಗಿದ್ದು ಅಲ್ಲಿ ಹರಡುತ್ತದೆ, ಬೆಳಗ್ಗೆ ಎಂಜಿನ್ ಬಿಸಿಯಾದಾಗ ಒಣಗುತ್ತದೆ. ನೆಲಕ್ಕೆ ಏನೂ ಮುಟ್ಟುವುದಿಲ್ಲ.

ಹೋಸು ಕಳಚಿದಾಗ ಪೈಪಿನ ತುದಿ ಕಂಡಿತು. ಸಿಡುಬು ಬಂದ ಮುಖದಂತೆ ತುಕ್ಕು ತಿಂದ ಗುಳಿಗಳು. ಬಿಸಿಗೆ ಮೆತ್ತಗಾಗಿ ಉಬ್ಬಿದ ರಬ್ಬರು ಆ ಗುಳಿಗಳನ್ನು ತುಂಬುತ್ತಿತ್ತು, ಚಳಿಗೆ ಬಿಗಿದಾಗ ಬಿಟ್ಟುಕೊಡುತ್ತಿತ್ತು. ಕಾಕಾ ಪೈಪನ್ನು ಕೈಯಲ್ಲಿ ತಿರುಗಿಸುತ್ತ, "ಯಾವ ನೀರು ಹಾಕತಿದ್ರು?" ಎಂದು ಕೇಳಿದರು.

ಬೋರಿನ ನೀರು. ನಮ್ಮ ಓಣಿಗೆ ನಳದ ನೀರು ಬರುತ್ತಿದ್ದುದು ವಾರಕ್ಕೊಮ್ಮೆ. ಅದನ್ನು ಅವ್ವ ತಾಮ್ರದ ಹಂಡೆ, ಸ್ಟೀಲಿನ ಕೊಡಗಳಲ್ಲಿ ತುಂಬಿಡುತ್ತಿದ್ದಳು, ಕುಡಿಯಲು, ಅಡುಗೆಗೆ. ಅದರಲ್ಲಿ ಒಂದು ತಂಬಿಗೆಯನ್ನೂ ಅಪ್ಪ ಕಾರಿಗೆ ಹಾಕುತ್ತಿರಲಿಲ್ಲ. ಹಿತ್ತಲ ಬೋರಿನ ಉಪ್ಪುನೀರನ್ನು ತುಂಬಿಸಿ, ನಂಬಿಕೆಯಿಂದ, ನೇಮದಿಂದ ಹಾಕುತ್ತಿದ್ದರು. ಕೂಲೆಂಟಿನಲ್ಲಿ ಗ್ಲೈಕಾಲಿನ ಜೊತೆಗೆ ತುಕ್ಕು ತಡೆಯುವ ರಾಸಾಯನಿಕಗಳೂ ಇರುತ್ತವೆ. ಹೆಪ್ಪುಗಟ್ಟುವ ಚಳಿಯೇ ಇಲ್ಲದ ನಮ್ಮ ಊರುಗಳಲ್ಲಿ ಅದು ಬೇಕಾಗುವುದು ಹೆಚ್ಚಾಗಿ ಈ ಕಾರಣಕ್ಕೆ, ಆದರೆ ಅದನ್ನು ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಎಂಟೆಕ್ ಓದಿದ ನಾನೂ ಹೇಳಿರಲಿಲ್ಲ. ಒಂದೊಂದು "ನೀ ½" ಕೂಡ ಪೈಪನ್ನು ಇನ್ನಷ್ಟು ತಿಂದಿತು, ತಿಂದ ಪೈಪು ಇನ್ನಷ್ಟು ನೀರು ಕೇಳಿತು. ದೋಷಕ್ಕೆ ಕಾರಣ ಅವರ ಆರೈಕೆಯೇ. ಅದನ್ನು ಹಿಡಿದುಕೊಟ್ಟದ್ದೂ ಅದೇ ಆರೈಕೆಯ ಲೆಕ್ಕ.

ಅವ್ವನಿಗೆ ಇದರಲ್ಲಿ ಎಷ್ಟು ಹೇಳಬೇಕು ಎಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ಪೈಪಿಗೆ ತುಕ್ಕು ಹಿಡಿದಿತ್ತು, ವಯಸ್ಸಾಗಿತ್ತು ಎಂದಷ್ಟೇ ಹೇಳಿದೆ.

ನಾನಾ ಪೇಠೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಅರ್ಧ ದಿನ ಅಲೆದ ಮೇಲೆ ಪೈಪು ಸಿಕ್ಕಿತು. ಪೈಪು, ಎರಡು ಹೋಸು, ನಾಲ್ಕು ಕ್ಲಾಂಪು, ಹೊಸ ಮುಚ್ಚಳ, ಕೂಲೆಂಟು, ಕಾಕಾನ ಕೂಲಿ ಎಲ್ಲ ಸೇರಿ 3,400 ರೂಪಾಯಿ. ಮಾರ್ಚಿನಲ್ಲಿ ಕಾರು ತಪಾಸಣೆಯಲ್ಲಿ ಪಾಸಾಯಿತು. ಪಾರ್ಕಿಂಗಿನ ಬಾಡಿಗೆ ಕಟ್ಟುತ್ತಿದ್ದೇನೆ. ಹೆಂಡತಿ ಆ ವಿಷಯ ಬಿಟ್ಟಿಲ್ಲ.

ಮೇ ತಿಂಗಳಲ್ಲಿ ಅದೇ ಕಾರಿನಲ್ಲಿ ಹುಬ್ಬಳ್ಳಿಗೆ ಹೋದೆ, ಸುಮಾರು 430 ಕಿಲೋಮೀಟರ್. ಖಂಬಾಟಕಿ ಘಟ್ಟ ಹತ್ತುವಾಗ ಟೆಂಪರೇಚರ್ ಮುಳ್ಳನ್ನೇ ನೋಡುತ್ತಿದ್ದೆ. ಅರ್ಧಕ್ಕಿಂತ ಮೇಲೆ ಹೋಗಲಿಲ್ಲ. ಮನೆ ಮುಟ್ಟಿ ಬಾನೆಟ್ ತೆಗೆದರೆ ಮಟ್ಟ ಹೊರಟಾಗ ಇದ್ದಲ್ಲೇ ಇತ್ತು. ನಾಲ್ಕು ದಿನ ಬಿಟ್ಟು ವಾಪಸು ಹೊರಟಾಗ, ಗಬ್ಬೂರು ಬೈಪಾಸ್ ದಾಟಿದ ಮೇಲೆ ಹಿಂದಿನ ಸೀಟಿನ ಕೆಳಗೆ ಏನೋ ಉರುಳಾಡುವ ಸದ್ದು ಕೇಳಿ ನಿಲ್ಲಿಸಿ ನೋಡಿದೆ. ಎರಡು ಬಾಟಲಿ ನೀರು. ಅವ್ವ ಇಟ್ಟಿದ್ದಳು. ಫೋನು ಮಾಡಿದರೆ, "ನಳದ ನೀರು ಅದ, ಬೋರಿಂದಲ್ಲ" ಎಂದಳು.